ತಲೆನೋವಿಲ್ಲದವರ ಗುಂಪು

"ಕಣ್ಣು ಮುಚ್ಚಿ. ಕುಂಚ ತಾಗಿದಾಗ ಎಷ್ಟು ನೋವಾಯ್ತು ಅಂತ ಹೇಳಿ. ಏನೂ ಇಲ್ಲದಿದ್ದರೆ ಸೊನ್ನೆ, ತಡೆಯೋಕೇ ಆಗದಿದ್ದರೆ ನೂರು," ಎಂದಳು ಟೆಕ್ನಿಷಿಯನ್. ಆ ವಾರ ಹದಿನಾಲ್ಕು ಜನರಿಗೆ ಇದೇ ಮಾತನ್ನು ಇದೇ ದನಿಯಲ್ಲಿ ಹೇಳಿದ್ದಳು. ಹದಿನೈದನೆಯವನು ಅವಳ ಗಂಡ.

"ಮನೇಲೂ ಇಷ್ಟು ಮರ್ಯಾದೆಯಾಗಿ ಮಾತಾಡಬಹುದಲ್ಲ?" ಎಂದ ಅವನು, ಕಣ್ಣು ಮುಚ್ಚುತ್ತಾ.

"ಮನೇಲಿ ನೀವಿದ್ರೆ ತಾನೆ ಮಾತಾಡೋದು."

ಅಧ್ಯಯನಕ್ಕೆ ಬೇಕಾದವರು ಮೈಗ್ರೇನ್ ಇರುವ ಮೂವತ್ತು ಜನ, ಯಾವ ತಲೆನೋವೂ ಇಲ್ಲದ ಮೂವತ್ತು ಜನ. ಎಲ್ಲರ ಮಿದುಳನ್ನೂ ಸ್ಕ್ಯಾನ್ ಮಾಡಿ, ಚರ್ಮ ಎಷ್ಟು ಸೂಕ್ಷ್ಮವೆಂದು ಅಳೆದು, ಎರಡು ಗುಂಪನ್ನು ಹೋಲಿಸಬೇಕು. ಸ್ಪರ್ಶವನ್ನು ಅರಿಯುವ ಪಟ್ಟಿ ಮಿದುಳಿನ ಮೇಲ್ಪದರದಲ್ಲಿ, ಹೇರ್‌ಬ್ಯಾಂಡ್ ಇಟ್ಟ ಹಾಗೆ, ಈ ಕಿವಿಯ ಕಡೆಯಿಂದ ಆ ಕಿವಿಯ ಕಡೆಗೆ ಹಾಯುತ್ತದೆ. ಮೈಗ್ರೇನ್ ಇರುವವರಲ್ಲಿ ಅದು ತುಸು ದಪ್ಪ ಎಂದು ಕೆಲವು ಅಧ್ಯಯನಗಳು ಹೇಳಿದ್ದವು. ದಪ್ಪವಾದದ್ದರಿಂದ ನೋವೋ, ನೋವಿನಿಂದಲೇ ದಪ್ಪವಾಯಿತೋ, ಖಚಿತವಾಗಿರಲಿಲ್ಲ. ನೋವಿಲ್ಲದವರ ಗುಂಪಿಗೆ ಒಬ್ಬರು ಕಡಿಮೆ ಬಿದ್ದಾಗ ಡಾಕ್ಟರು, "ನಿಮ್ಮ ಯಜಮಾನರನ್ನೇ ಕರ್ಕೊಂಡು ಬನ್ನಿ," ಎಂದಿದ್ದರು. ಬೆಳಿಗ್ಗೆ ಅರ್ಜಿ ತುಂಬಿಸುವಾಗ ಅವಳೇ ಕೇಳಿದ್ದಳು: ತಲೆನೋವು? ಇಲ್ಲ ಎಂದಿದ್ದ.

ಪರೀಕ್ಷೆ ಮುಗಿದ ಮೇಲೆ, ಹೋಗುವ ದಾರಿಯಲ್ಲಿ, ಅವನಿಗೆ ಹೇಳಿಬಿಡುವುದೆಂದು ಅವಳು ನಿಶ್ಚಯಿಸಿದ್ದಳು. ಅಕ್ಕನ ಮನೆಯ ಮಹಡಿ ಕೋಣೆ ಖಾಲಿ ಇತ್ತು, ಅಲ್ಲಿಗೆ ಹೋಗಿಬಿಡಬಹುದು. ಆರು ವರ್ಷದ ಸಂಸಾರ. ಎಷ್ಟೋ ದಿನ ತಾನಾಗಿ ಮಡಿಲಲ್ಲಿ ತಲೆ ಇಡುವ ಮನುಷ್ಯ, ಕೆಲವು ದಿನ ಅವಳು ಹಣೆ ಸವರಲು ಹೋದರೆ ಮುಳ್ಳು ತಾಗಿದಂತೆ ಸರಿಯುತ್ತಿದ್ದ. ತಿಂಗಳಿಗೆ ನಾಲ್ಕೈದು ಬಾರಿ ಅವನು ಕೆಲಸ ಮಾಡುವ ಹಣ್ಣಿನ ಕೋಲ್ಡ್ ಸ್ಟೋರೇಜಿನಿಂದ ಫೋನು: "ಲಾರಿ ಬಂದಿಲ್ಲ, ತಡವಾಗುತ್ತೆ." ಅಕ್ಕ ಒಮ್ಮೆ, "ಯಾರೇ ಆ ಲಾರಿ? ನೋಡೋಕೆ ಚೆನ್ನಾಗಿದಾಳಾ?" ಎಂದು ಕೇಳಿದ್ದಳು. ತಂಗಿಗೆ ನಗು ಬಂದಿರಲಿಲ್ಲ.

ಕಿಟಕಿಯಿಲ್ಲದ ಬೂದು ಕೋಣೆ, ಒಂದೇ ದೀಪ. ಅವನ ಸ್ಕ್ಯಾನ್ ಆಗಲೇ ಮುಗಿದಿತ್ತು; ಗೋಡೆಯಾಚೆ ಸ್ಕ್ಯಾನರು ಈಗ ಇನ್ನಾರದೋ ತಲೆಯ ಸುತ್ತ ಬಡಿಯುತ್ತಿತ್ತು. ಈ ಬದಿಗೆ ಆ ಸದ್ದು ನೀರಿನೊಳಗಿಂದ ಬಂದಂತೆ ಮೆತ್ತಗಾಗಿ ಬರುತ್ತಿತ್ತು. ಅವಳು ಮುಂಗೈ ಮೇಲೆ ಕುಂಚ ಎಳೆದಳು. ಸೊನ್ನೆ. ಹಣೆಯ ಮೇಲೆ ಎಳೆದಳು.

"ಎಷ್ಟು?"

"ಸೊನ್ನೆ."

ಇನ್ನೊಮ್ಮೆ, ಇನ್ನೂ ಹಗುರಾಗಿ, ಹುಬ್ಬಿನ ಮೇಲೆ.

"ಸೊನ್ನೆ," ಎಂದ. ಮುಚ್ಚಿದ ಕಣ್ಣಿನ ಅಂಚಿನಿಂದ ಒಂದು ಹನಿ ಕಿವಿಯತ್ತ ಇಳಿಯಿತು. ಮೈಗ್ರೇನ್ ಗುಂಪಿನ ಕೆಲವರು ನೋವು ಶುರುವಾದ ದಿನವೇ ಪರೀಕ್ಷೆಗೆ ಬಂದಿದ್ದರು. ಇದೇ ಕುಂಚ ಅವರಿಗೆ ಕಾದ ತಂತಿಯಾಗಿತ್ತು. ಎಪ್ಪತ್ತು, ಎಂಬತ್ತು ಎಂದು ಕೂಗಿದ್ದರು. ಅವಳು ಕುಂಚ ಎತ್ತಿ ಅವನ ಪಾದಗಳತ್ತ ನೋಡಿದಳು.

"ಕಾಲ್ಬೆರಳು ಯಾಕೆ ಮಡಚಿದ್ದೀರಿ?"

"ಚಳಿ."

"ದಿನಾ ಕೋಲ್ಡ್ ಸ್ಟೋರೇಜಲ್ಲಿ ಇರೋರಿಗೆ ಇಲ್ಲಿ ಚಳಿಯಾ? ಯಾವಾಗ ಶುರುವಾಯ್ತು ಹೇಳಿ."

"ಆ ಮಷೀನು ಡಬಡಬ ಅನ್ನೋಕೆ ಹತ್ತಿದಾಗ."

"ಇವತ್ತಿನದಲ್ಲ ನಾ ಕೇಳಿದ್ದು."

"ಹನ್ನೆರಡು ವರ್ಷ ಇದ್ದಾಗ. ಅಮ್ಮನಿಗೂ ಇದೇ ಇತ್ತು. ಅವಳು ಮಲಗಿದ ದಿನ ಮನೆಪೂರ್ತಿ ಕತ್ತಲೆ. ಒಂದು ಚಮಚ ಬಿದ್ರೂ ನಾವು ಮಕ್ಕಳು ಉಸಿರು ಬಿಗಿಹಿಡೀತಿದ್ವಿ. ಅಂಥ ಮನೆ ನಿನಗೆ ಕೊಡಬಾರದು ಅಂದ್ಕೊಂಡೆ. ಬಂದಾಗ ಅಲ್ಲೇ ಸ್ಟೋರಲ್ಲಿ, ಸೇಬಿನ ಪೆಟ್ಟಿಗೆಗಳ ಮಧ್ಯೆ ಗೋಣಿ ಹಾಸಿ, ಕೋಟು ಹೊದ್ದು ಬಿದ್ಕೋತೀನಿ. ತಂಪಾಗಿರುತ್ತೆ. ಯಾರೂ ಮುಟ್ಟಲ್ಲ."

ಅವಳಿಗೆ ಆ ಜಾಗ ಕಂಡಿತು. ದೀಪ ಆರಿಸಿದ ಉದ್ದನೆಯ ಕೋಣೆ. ತಣ್ಣನೆಯ ಕತ್ತಲಲ್ಲಿ ಸಾವಿರಾರು ಸೇಬುಗಳು ಸದ್ದಿಲ್ಲದೆ, ಬಲು ನಿಧಾನವಾಗಿ ಉಸಿರಾಡುತ್ತಿವೆ. ನಡುವೆ ಒಬ್ಬ ಮನುಷ್ಯ ಅವುಗಳ ಹಾಗೆಯೇ ಅಲುಗಾಡದೆ ಮಲಗಿದ್ದಾನೆ.

"ನೀವು ಕೊಟ್ಟ ಮನೆ ಎಂಥದ್ದು ಗೊತ್ತಾ?" ದನಿ ಏರಿತು. ಅವನು ಮುಖ ಕಿವುಚಿದ. ಅವಳು ಪಿಸುದನಿಗೆ ಇಳಿದಳು. "ಅಕ್ಕನ ಮಹಡಿ ಕೋಣೆ ನೋಡ್ಕೊಂಡು ಬಂದಿದೀನಿ. ನನ್ನ ಕೈ ಕಂಡ್ರೇ ನಿಮಗಾಗಲ್ಲ ಅಂದ್ಕೊಂಡು."

ಅವನು ಕಣ್ಣು ತೆರೆದ. ದೀಪ ಚುಚ್ಚಿತು; ಮತ್ತೆ ಮುಚ್ಚಿದ.

ಡಾಕ್ಟರು ಬಾಗಿಲಲ್ಲಿ ತಲೆ ಹಾಕಿದರು. "ಮೂವತ್ತು ಮುಗೀತಾ?"

"ಇಲ್ಲ ಡಾಕ್ಟ್ರೇ, ಇನ್ನೊಬ್ಬರು ಬೇಕು. ಇವರು ಈ ಗುಂಪಿನವರಲ್ಲ."

"ಸ್ಕ್ಯಾನ್ ನೋಡಿ ಹೇಳ್ತಿದ್ದೀರಾ? ಒಬ್ಬರ ಸ್ಕ್ಯಾನಿಂದ ಅದೆಲ್ಲ ತಿಳಿಯಲ್ಲಮ್ಮ. ನಮಗೆ ಸಿಗೋದು ಗುಂಪಿನ ಸರಾಸರಿ ಅಷ್ಟೆ."

"ಸ್ಕ್ಯಾನ್ ನಾನಿನ್ನೂ ನೋಡೇ ಇಲ್ಲ."

ಡಾಕ್ಟರು ಇಬ್ಬರನ್ನೂ ನೋಡಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದರು. ಅವಳು ದೀಪವನ್ನು ಗೋಡೆಯ ಕಡೆ ತಿರುಗಿಸಿದಳು. ಕೈ ತಾನಾಗಿ ಅವನ ಹಣೆಯತ್ತ ಹೋಯಿತು. ಒಂದಂಗುಲ ಉಳಿದಾಗ ನಿಂತಿತು. ಅಂಗೈಯ ಬಿಸುಪು ಅವನಿಗೆ ತಿಳಿದಿರಬೇಕು. ಮಡಚಿದ್ದ ಕಾಲ್ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

"ಅಲ್ಲೇ ಇರ್ಲಿ," ಎಂದ ಅವನು. "ಇನ್ನೂ ಹತ್ರ ಬೇಡ. ದೂರಾನೂ ಬೇಡ."