ಛತ್ರದ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಮಗಳ ಮದುವೆಯ ದಿನ ಛತ್ರದ ಬಾಗಿಲಲ್ಲಿ ಬಿಟ್ಟಿದ್ದ ತಮ್ಮ ಹೊಚ್ಚ ಹೊಸ ಚಪ್ಪಲಿಯನ್ನು ಮೆಟ್ಟಿಕೊಂಡು ಹೋದವರು ಯಾರೆಂಬ ಪ್ರಶ್ನೆ ನಂಜುಂಡಯ್ಯನವರನ್ನು ಎರಡು ವರ್ಷದಿಂದ ಕೊರೆಯುತ್ತಿತ್ತು. ಮದುವೆಯ ವಿಡಿಯೊದಲ್ಲಿ ಆ ಮನುಷ್ಯನೇನೋ ಇದ್ದ. ಆದರೆ ಅವರ ಕಂಪ್ಯೂಟರಿನಲ್ಲಿ ಅವನ ಮುಖ ಹಿಟ್ಟು ಕಲಸಿದ ಹಾಗೆ ಕಾಣುತ್ತಿತ್ತು.

"ಬೋರ್ಡಿನಲ್ಲೇ ಇರೋ ಗ್ರಾಫಿಕ್ಸ್ ಸಾಲ್ದು ಸಾರ್, ಬೇರೆ ವಿಡಿಯೊ ಕಾರ್ಡ್ ತರ್ಸಿ, ಬಂದು ಹಾಕ್ತೀನಿ" ಎಂದಿದ್ದ ರಿಪೇರಿಯವನು. ಹಟಕ್ಕೆ ಬಿದ್ದು ತರಿಸಿದರು.

ಶುಕ್ರವಾರ ಬೆಳಿಗ್ಗೆ ಪೇಟೆಗೆ ಹೋಗಿ ಬರುವಷ್ಟರಲ್ಲಿ ಕಾರ್ಡಿನ ಡಬ್ಬ ಮೇಜಿನ ಮೇಲೆ ಖಾಲಿ ಬಿದ್ದಿತ್ತು. ರಿಪೇರಿಯವನು ಬಂದು ಹಾಕಿ ಹೋಗಿದ್ದಾನೆ! ಮೊದಲಿಂದಲೂ ಗುಮಾನಿಯಿದ್ದ ಪಕ್ಕದ ಮನೆಯ ಶೇಷಗಿರಿಯವರನ್ನು ಕೂಗಿ ಕರೆದು, ಪಕ್ಕದಲ್ಲೇ ಕೂರಿಸಿಕೊಂಡು ವಿಡಿಯೊ ಹಚ್ಚಿದರು.

"ಆಹಾ, ಹೊಸ ಕಾರ್ಡು ಅಂದ್ರೆ ಇದಪ್ಪ! ಮೂಗಿನ ಮೇಲಿನ ನರೂಲಿ ಕೂಡ ಕಾಣ್ತಿದೆ. ಏನ್ ಶೇಷಗಿರಿಯವರೇ?"

ಶೇಷಗಿರಿಯವರ ಕೈ ತಾನಾಗಿ ಮೂಗಿಗೆ ಹೋಯಿತು. ಪರದೆಯನ್ನು ಬಗ್ಗಿ ನೋಡಿದರು, ಬೆವರಿದರು.

"ಇಷ್ಟು ನಿಚ್ಚಳವಾಗಿ ಕಂಡ್ಮೇಲೆ ಇನ್ನೇನು ಮುಚ್ಚಿಡೋದು ಸ್ವಾಮಿ. ನಾನೇ. ನನ್ನವು ಕಿತ್ತೋಗಿದ್ವು."

ಅಷ್ಟರಲ್ಲಿ ನಂಜುಂಡಯ್ಯನವರ ಹೆಂಡತಿ ದೇವರ ಮನೆಯಿಂದ ಹೊರಬಂದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕುಂಕುಮ ಹಚ್ಚಿ ಹೂವಿಟ್ಟ ವಿಡಿಯೊ ಕಾರ್ಡು.

"ರಾಹುಕಾಲ ಮುಗೀತು ಕಣ್ರೀ. ಆ ರಿಪೇರಿಯವನನ್ನ ಕರೀರಿ, ಬಂದು ಇದನ್ನ ಹಾಕ್ಲಿ."