ಸೇತುವೆಯ ನಡುವೆ ಬುಟ್ಟಿ

ಹೊಳೆಗೆ ಕಾಲುಸೇತುವೆ ಕಟ್ಟುವ ಮೊದಲು, ಎಂದಿನಂತೆ, ಊರಿನವರೆಲ್ಲರ ನಕಲುಗಳನ್ನು ಕಂಪ್ಯೂಟರಿನೊಳಗೆ ನಡೆಸಿ ನೋಡಿದ್ದರು. ಒಟ್ಟು ಒಂಬತ್ತು ನಕ್ಷೆಗಳು. ಒಂದೊಂದರ ಮೇಲೂ ಹತ್ತು ಸಾವಿರ ದಿನಗಳ ಓಡಾಟ. ಯಾವುದು ಗೆದ್ದಿತೆಂದು ಕೇಳಲು ಮೀನು ಮಾರುವ ದುರ್ಗಿ ಬುಟ್ಟಿ ಹೊತ್ತುಕೊಂಡೇ ಕಚೇರಿಗೆ ಬಂದಳು.

"ನಾಲ್ಕನೇದು, ದುರ್ಗಮ್ಮ. ಖರ್ಚೂ ಕಡಿಮೆ, ಗಟ್ಟಿಯೂ ಹೌದು," ಎಂದ ಎಂಜಿನಿಯರ್ ಪ್ರಮೋದ, ನಕ್ಷೆಯನ್ನು ಮೇಜಿನ ಮೇಲೆ ಹರಡುತ್ತ.

ದುರ್ಗಿ ಬಗ್ಗಿ ನೋಡಿದಳು. "ಬುಟ್ಟಿ ಇಳಸಿ ಕವಳ ಹಾಕೂಕೆ ನಡೂಗೆ ಕಟ್ಟೆ ಎಲ್ಲಿ, ತಮಾ?"

"ಕಟ್ಟೆ ಕಟ್ಟಿದ್ರೆ ಭಾರವೂ ಏರ್ತದೆ, ಖರ್ಚೂ ಏರ್ತದೆ."

"ನನ್ನ ನಕಲು ಸುಮ್ನೆ ದಾಟ್ತೋ?"

ಪ್ರಮೋದ ತಲೆ ಕೆರೆದುಕೊಂಡ. "ಇಲ್ಲ. ಪ್ರತಿ ನಕ್ಷೇಲೂ, ಹತ್ತು ಸಾವಿರ ದಿನವೂ, ದಾರಿ ಮಧ್ಯೆ ಬುಟ್ಟಿ ಇಳಿಸಿ ಕೂತಿತ್ತು. ಜನಕ್ಕೆ ಅಡ್ಡ ಆಗ್ತದೆ ಅಂತ ಆ ನಕಲನ್ನೇ ಲೆಕ್ಕದಿಂದ ತೆಗೆದುಹಾಕಿದ್ವಿ."

ಒಂದು ದಿನವೂ ಸೋಲದ ತನ್ನ ನಕಲನ್ನು ನೆನೆದು ದುರ್ಗಿಗೆ ನಗು ಬಂತು. ತಲೆಯ ಮೇಲಿನ ಬುಟ್ಟಿಯನ್ನು ಮೇಜಿನ ಮೇಲೆ, ನಾಲ್ಕನೇ ಸೇತುವೆಯ ನಟ್ಟನಡುವೆ ಇಳಿಸಿದಳು. ಬಂಗಡೆಯ ನೀರು ನಕ್ಷೆಯ ಮೇಲೆ ಹರಿಯಿತು. ಅವಳು ಕುರ್ಚಿ ಎಳೆದುಕೊಂಡು ಕೂತು, ಸೊಂಟದ ಚೀಲದಿಂದ ಕವಳದ ಎಲೆ-ಅಡಿಕೆ ತೆಗೆದಳು.

"ಅವ್ಳನ್ನ ತೆಗ್ದೆ. ಈಗ ನನ್ನ ತೆಗಿ, ನೋಡ್ವಾ."