ಬೆಟ್ಟ ಬಲಕ್ಕಿರಲಿ

"ಅಮ್ಮಾ, ಆ ಕಡೆ ಅಲ್ಲ, ಈ ಕಡೆ! ಎಲ್ಲರೂ ಹೂಟಗಳ್ಳಿ ಕಡೆ ಹೋಗ್ತಾ ಇದಾರೆ ನೋಡಿ!" ನಡಿಗೆ ಏರ್ಪಡಿಸಿದವರ ಪೈಕಿ ಅನುಪಮಾ ಎಂಬ ಹುಡುಗಿ ಕೂಗುತ್ತಲೇ ಓಡಿಬಂದಳು.

ಪುಟ್ಟಲಿಂಗಮ್ಮ ನಿಂತಳೇ ಹೊರತು ತಿರುಗಲಿಲ್ಲ. ಸೀರೆಯ ಮೇಲೆ ಅವರೇ ಕೊಟ್ಟ ಹಳದಿ ಟೀ ಶರ್ಟು, ಅದರ ಬೆನ್ನಿಗೆ ಪಿನ್ನು ಚುಚ್ಚಿದ ಬಟ್ಟೆಯಲ್ಲಿ ಮಗಳು ಧರಣಿಯ ಹೆಸರು. ಬರಿಗಾಲು. ಮೈಯ ಬಲವೆಲ್ಲ ದಿನದಿನಕ್ಕೆ ಸೋರಿಹೋಗುವಂಥ ಕಾಯಿಲೆ ಧರಣಿಗೆ. ತಲೆ ಬಾಚಿಕೊಳ್ಳಲು ಕೈ ಎತ್ತಲಾರದೆ ಹೋದದ್ದು ಮೊದಲು, ಈಗ ಉಸಿರಿಗೂ ಯಂತ್ರ ಬೇಕಾಗಿದೆ. ಅದಕ್ಕೆ ಮದ್ದೇ ಇಲ್ಲ. ಮದ್ದು ಹುಡುಕುವವರಿಗೆ ಹಣ ಕೂಡಿಸಲೆಂದು ಮೈಸೂರಿನ ರಿಂಗ್ ರಸ್ತೆಯನ್ನು ಒಂದು ಸುತ್ತು, ಅಂದರೆ ಹೆಚ್ಚುಕಮ್ಮಿ ಒಂದು ಮ್ಯಾರಥಾನಿನಷ್ಟು ದೂರ, ನಡೆಯುವುದೆಂದು ಗೊತ್ತಾಗಿತ್ತು. ಬನ್ನಿಮಂಟಪ ದಾಟಿ ರಿಂಗ್ ರಸ್ತೆಗೆ ಕಾಲಿಡುತ್ತಲೇ ಅವ್ವ ಹೀಗೆ ತಕರಾರು ತೆಗೆಯುತ್ತಾಳೆಂದು ಮಗ ಶಿವರಾಮು ಎಣಿಸಿರಲಿಲ್ಲ.

"ಈ ಕಡೆಯಿಂದ ಸುತ್ತಿದ್ರೆ ಚಾಮುಂಡಿ ಬೆಟ್ಟ ಎಡಕ್ಕೆ ಬತ್ತದಲ್ಲವ್ವ," ಎಂದಳು ಪುಟ್ಟಲಿಂಗಮ್ಮ.

"ಬಂದ್ರೆ ಏನಮ್ಮ?"

"ಏನಾ? ದೇವ್ರನ್ನ ಯಾರಾದ್ರೂ ಎಡಕ್ಕಿಟ್ಕೊಂಡು ಸುತ್ತುತಾರಾ? ಎಡಸುತ್ತು ಸುತ್ತೋದು ಸತ್ತೋರಿಗೆ ಕಣವ್ವ, ಮಣ್ಣು ಮಾಡೋವಾಗ. ನನ್ ಮಗಳು ಆಸ್ಪತ್ರೇಲಿ ಇನ್ನೂ ಉಸಿರಾಡ್ತಾವ್ಳೆ."

"ನೀರು, ಆಂಬುಲೆನ್ಸು ಎಲ್ಲಾ ಈ ಕಡೆ ದಾರೀಲೇ ಇಟ್ಟಿದೀವಮ್ಮ. ನೀವು ಆ ಕಡೆ ಹೋದ್ರೆ ನಿಮ್ಮ ನಡಿಗೆ ನಮ್ಮ ಲೆಕ್ಕಕ್ಕೇ ಬರಲ್ಲ."

"ಅಲ್ಲವ್ವ, ಆ ಮದ್ದು ಯಾವಾಗ ಕಂಡುಹಿಡೀತಾರೆ?"

ಅನುಪಮಾ ಟೋಪಿ ತೆಗೆದು ಮತ್ತೆ ಹಾಕಿಕೊಂಡಳು. "ವರ್ಷಗಳೇ ಬೇಕಾಗುತ್ತಮ್ಮ. ಮುಂದೆ ಬರೋರಿಗಾದ್ರೂ ಸಿಗ್ಲಿ ಅಂತ..."

"ಸಿಗ್ಲಿ ಕಣವ್ವ, ಎಲ್ರಿಗೂ ಸಿಗ್ಲಿ. ಮುಂದೆ ಬರೋರಿಗೆ ನೀವು ನಡೀರಿ. ನಮ್ ಶಿವರಾಮೂನೂ ನಡೀತಾನೆ. ನನ್ ಮಗಳಿಗೆ ನಾನು ನಡೀತೀನಿ."

"ಅವ್ವ, ಜನ ನಗ್ತಾರೆ," ಎಂದ ಶಿವರಾಮು.

"ನಗ್ಲಿ ಬುಡು, ಹಲ್ಲು ಅವರ್ದು," ಎಂದವಳೇ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಇಡೀ ಗುಂಪಿಗೆ ಬೆನ್ನು ಹಾಕಿ ಒಬ್ಬಳೇ ಹೊರಟುಬಿಟ್ಟಳು.

ಶಿವರಾಮು ಗುಂಪಿನ ಜೊತೆ ನಡೆದ. ಹೂಟಗಳ್ಳಿಯಲ್ಲಿ, ಅವನು ಕೆಲಸ ಮಾಡುವ ಫ್ಯಾಕ್ಟರಿಯ ಗೇಟಿನ ಹತ್ತಿರ, ಜೊತೆಗಾರರು ಚಪ್ಪಾಳೆ ತಟ್ಟಿದರು. "ನಿಮ್ಮ ತಾಯಾರು ಬತ್ತೀನಿ ಅಂದಿದ್ರಲ್ಲ, ಎಲ್ಲಪ್ಪ?" ಎಂದು ವಾಚ್‌ಮನ್ ಹುಚ್ಚಯ್ಯ ವಿಚಾರಿಸಿದ. "ಅವ್ರು ಬೇರೆ ಪಾರ್ಟಿ ಕಣಣ್ಣ," ಎಂದ ಶಿವರಾಮು. ಎಲ್ಲರೂ ನಕ್ಕರು, ಅವನೂ ನಕ್ಕ. ಬಿಸಿಲು ಏರಿತು. ಇನ್ನೇನು ಶ್ರೀರಾಂಪುರ ಬಂತು ಅನ್ನುವಾಗ ಜೇಬಿನಲ್ಲಿ ಫೋನು ಅದುರಿತು. ಆಸ್ಪತ್ರೆಯಲ್ಲಿದ್ದ ಅಪ್ಪ ಮಂಟಯ್ಯ.

"ಮಗಾ... ಧರಣಿ ಹೋಗ್ಬುಟ್ಲು. ನಿಮ್ಮವ್ವಂಗೆ ಫೋನಲ್ಲಿ ಹೇಳ್ಬ್ಯಾಡ. ಕರ್ಕೊಂಡ್ ಬಾ."

ಆಟೋ ಹಿಡಿದು, ನಂಜನಗೂಡು ರಸ್ತೆ ದಾಟಿ, ಬೆಟ್ಟದ ಹಿಂಬದಿಗೆ ಬರುವವರೆಗೂ ಅವನು ರಸ್ತೆಯನ್ನೇ ನೋಡುತ್ತಿದ್ದ. ದೂರದಲ್ಲಿ ಹಳದಿ ಬಣ್ಣ ಕಂಡಿತು. ಅವ್ವ ಬರುತ್ತಿದ್ದಳು. ಒಂದು ಕಾಲು ಎಳೆದು ಹಾಕುತ್ತಿದ್ದಳು, ಬಲಗಡೆಯ ಬೆಟ್ಟದ ಕಡೆ ಆಗಾಗ ಕೈ ಎತ್ತಿ ಮುಗಿಯುತ್ತಿದ್ದಳು. ಆಟೋ ಮುಂದೆ ಹೋಗಿ ನಿಂತಾಗ ಅವಳ ಮುಖವೆಲ್ಲ ನಗುವಾಯಿತು.

"ಥೂ ಸೋಮಾರಿ! ಆಟೋದಲ್ಲಿ ಬಂದ್ಯೇನೋ? ನಿನ್ ಲೆಕ್ಕ ಹೋಯ್ತು ನೋಡು. ನಾನು ಬೆಟ್ಟದ ಬೆನ್ನಿಗೆ ಬಂದ್ಬುಟ್ಟೆ, ಇನ್ನೇನು, ಆ ಹುಡುಗೀಗ್ ಹೇಳು."

"ಹತ್ತವ್ವ. ಆಸ್ಪತ್ರೆಗೆ ಹೋಗವ."

"ಗಾಡಿ ಹತ್ತುದ್ರೆ ಹರಕೆ ಕೆಡ್ತದೆ ಕಣೋ. ಸಂಜೆ ಬಂದು ತಲೆ ಬಾಚ್ತೀನಿ ಅಂತ ಧರಣೀಗೆ ಹೇಳಿವ್ನಿ. ಅಲ್ಲೀಗಂಟ ನಿಮ್ಮಪ್ಪ ಇದ್ದಾನಲ್ಲ."

ಶಿವರಾಮು ಆಟೋದಿಂದ ಕೆಳಗಿಳಿದ. ಆಟೋದ ಕಂಬಿಯನ್ನು ಹಿಡಿದಿದ್ದ ಅವನ ಕೈಯನ್ನು ಅವಳು ನೋಡಿದಳು. ಆಮೇಲೆ ಮುಖವನ್ನು ನೋಡಿದಳು. ಲಾರಿಯೊಂದು ಹಾದುಹೋಗಿ, ಅದರ ಧೂಳು ಇಳಿಯುವ ತನಕ ನೋಡಿದಳು.

"ಬಾಯಿಗೆ ನೀರು ಬುಟ್ರಾ?"

"ಅಪ್ಪ ಬುಟ್ನಂತೆ."

ಪುಟ್ಟಲಿಂಗಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿ ತಲೆಯ ಮೇಲೆ ಹೊದ್ದಳು. ಆಟೋ ಹತ್ತಲಿಲ್ಲ. ಬಂದ ದಾರಿಗೆ ತಿರುಗಿ, ನೋಯುವ ಕಾಲನ್ನು ಎಳೆಯುತ್ತ, ನಡೆಯತೊಡಗಿದಳು. ಶಿವರಾಮು ಆಟೋ ಕಳಿಸಿ, ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಅವಳ ಹಿಂದೆ ಹೆಜ್ಜೆ ಹಾಕಿದ. ಬೆಟ್ಟ ಈಗ ಇಬ್ಬರ ಎಡಕ್ಕಿತ್ತು.